ಎತ್ತು ಏರಿಗೆ, ಕೋಣ ನೀರಿಗೆ: 365 ಮತ ಬಿದ್ದ ಮಸೂದೆಯೂ ಅಮೆರಿಕದಲ್ಲಿ ಕಾನೂನಾಗದೆ ಹೋದದ್ದು ಹೇಗೆ?

ಪ್ರಶ್ನೆ · ನೇತ್ರಾವತಿ ದಡ

ಗ್ರೀನ್ ಕಾರ್ಡಿನ ದೇಶವಾರು ಮಿತಿ ತೆಗೆಯುವ ಮಸೂದೆ, ಎಚ್.ಆರ್. 1044, 2019ರ ಜುಲೈ 10ರಂದು ಅಮೆರಿಕದ ಕೆಳಮನೆಯಲ್ಲಿ 365–65ರಿಂದ ಗೆದ್ದಿತು. 2020ರ ಡಿಸೆಂಬರ್ 2ರಂದು ಅದರ ಸೆನೆಟ್ ರೂಪ (ಎಲ್ಲರ ಬಾಯಲ್ಲಿ ಎಸ್. 386 ಎಂದೇ ಇದ್ದದ್ದು) ಒಬ್ಬರ ವಿರೋಧವೂ ಇಲ್ಲದೆ ಪಾಸಾಯಿತು. ಎರಡೂ ಮನೆ, ಎರಡೂ ಪಕ್ಷ ಹೂಂ ಅಂದ ಮೇಲೂ ಕಾನೂನು ಮಾತ್ರ ಆಗಲಿಲ್ಲ. ಭಾರತದವರು ಈಗಲೂ ಅದೇ ಶೇ. 7ರ ಮಿತಿಯ ಸಾಲಿನಲ್ಲಿ ನಿಂತಿದ್ದಾರೆ.

"ರಿಪಬ್ಲಿಕನ್ನರಿಗೂ ಡೆಮಾಕ್ರಟರಿಗೂ ಆಗಿಬರೋಲ್ಲ, ಅದಕ್ಕೇ" ಅನ್ನುವ ಉತ್ತರ ಎಲ್ಲ ಕಡೆ ಸಿಗುತ್ತದೆ. ನನಗೆ ಬೇಕಿರುವುದು, ಕಡತ ಯಾವ ಮೇಜಿನ ಮೇಲೆ ಕೂತುಬಿಟ್ಟಿತು ಎಂಬುದು. ಜೊತೆಗೆ ಎರಡು ಅನುಮಾನ. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ, ವಿಪ್ ಮೀರಿದರೆ ಸದಸ್ಯತ್ವ ಹೋಗುವುದಿಲ್ಲ. ಆದರೂ ಎಲ್ಲರೂ ಪಕ್ಷದ ಬಾಲ ಹಿಡಿದೇ ಏಕೆ ಹೋಗುತ್ತಾರೆ? ಇನ್ನೊಂದು, ಬಜೆಟ್ ಸಂಬಂಧದ ಮಸೂದೆಗಳನ್ನು ಸೆನೆಟ್‌ನಲ್ಲಿ 51 ಮತದಲ್ಲೇ ಮುಗಿಸುವ ದಾರಿ ಇದೆಯಂತಲ್ಲ, ಇದನ್ನೂ ಅದರಲ್ಲಿ ತೂರಿಸಬಹುದಿತ್ತಲ್ಲವೇ?

ಉತ್ತರ 1 · ಹಳೇ ಕಡತ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಈ ಮಸೂದೆಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ಆದರೆ ಪೂಜಾರಿ ಒಬ್ಬನಲ್ಲ.

ಮೊದಲು ಲೆಕ್ಕ. 1990ರ ವಲಸೆ ಕಾಯ್ದೆಯಂತೆ ಉದ್ಯೋಗದ ಆಧಾರದ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಗಂಡ, ಹೆಂಡತಿ, ಮಕ್ಕಳೂ ಅದರೊಳಗೇ. ಒಂದು ದೇಶಕ್ಕೆ ಶೇ. 7. ಉನ್ನತ ಪದವಿ ಇದ್ದವರ ಇಬಿ-2 ವರ್ಗದ ಪಾಲು 40,040, ಅದರ ಶೇ. 7 ಅಂದರೆ ಸುಮಾರು 2,800. ಕೆಳಮನೆಯ ಮಸೂದೆ ಒಟ್ಟು ಸಂಖ್ಯೆಯನ್ನು ಮುಟ್ಟದೆ ದೇಶವಾರು ಗೋಡೆಯನ್ನಷ್ಟೇ ಕೆಡವುತ್ತಿತ್ತು. ಭಾರತದವರ ಕಾಯುವಿಕೆ ಇಳಿದಷ್ಟೂ ಬೇರೆ ದೇಶದವರದು ಏರುತ್ತಿತ್ತು. ತಕರಾರು ಹುಟ್ಟಿದ್ದು ಇಲ್ಲಿ. ಅದು ಪಕ್ಷದ ತಕರಾರಲ್ಲ ಎಂಬುದನ್ನು ಗಮನಿಸಿ.

ಕೆಳಮನೆಯಲ್ಲಿ ಅದನ್ನು ತಂದದ್ದು ನಿಯಮ ಅಮಾನತಿನ ದಾರಿಯಲ್ಲಿ: 40 ನಿಮಿಷ ಚರ್ಚೆ, ತಿದ್ದುಪಡಿ ಇಲ್ಲ, ಗೆಲ್ಲಲು ಮೂರನೇ ಎರಡು ಮತ. ಸೆನೆಟ್‌ನಲ್ಲಿ ಹಾಗಿಲ್ಲ. ಅಲ್ಲಿ ಸಾಮಾನ್ಯ ಮಸೂದೆಗೆ ಇರುವುದು ಎರಡೇ ಬಾಗಿಲು. ಒಂದು, "ಯಾರದಾದರೂ ಆಕ್ಷೇಪ ಇದೆಯೇ?" ಎಂದು ಕೇಳಿ, ಯಾರೂ ಬಾಯಿ ಬಿಡದಿದ್ದರೆ ಪಾಸು. ಇನ್ನೊಂದು ಕ್ಲೋಚರ್, ಅಂದರೆ ಚರ್ಚೆಗೆ ತೆರೆ ಎಳೆಯುವ ಮತ. 16 ಸೆನೆಟರುಗಳ ಸಹಿಯಿರುವ ಅರ್ಜಿ, ನಡುವೆ ಒಂದು ದಿನ ಬಿಟ್ಟು ಮತ, 60 ಬಿದ್ದರೆ ಅದರ ಮೇಲೆ ಇನ್ನೂ 30 ಗಂಟೆಯವರೆಗೆ ಚರ್ಚೆ. ಇಷ್ಟನ್ನು "ಮಸೂದೆ ಕೈಗೆತ್ತಿಕೊಳ್ಳೋಣವೇ" ಎಂಬ ಸೂಚನೆಗೆ ಒಮ್ಮೆ, ಮಸೂದೆಗೇ ಇನ್ನೊಮ್ಮೆ ಮಾಡಬೇಕಾಗಬಹುದು. ತಿದ್ದುಪಡಿ ಸೇರಿದರೆ ಮತ್ತೂ ಒಂದು ಸುತ್ತು. ಒಬ್ಬ ಸೆನೆಟರ್ ಹಟ ಹಿಡಿದರೆ ಸದನದ ಒಂದು ವಾರ ಕೈಬಿಟ್ಟಂತೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರಿಗೆ ಮತವಿಲ್ಲ. ಅವರಿಗಾಗಿ ಬಹುಮತದ ನಾಯಕ ಒಂದು ವಾರ ತೆತ್ತಾನೆಯೇ?

ಹಾಗಾಗಿ ಮೈಕ್ ಲೀ (ಯೂಟಾದ ರಿಪಬ್ಲಿಕನ್) ಮೊದಲ ಬಾಗಿಲನ್ನೇ ತಟ್ಟುತ್ತಾ ಹೋದರು. ಜೊತೆಗೆ ಸಹಿ ಹಾಕಿದ್ದವರಲ್ಲಿ ಕಮಲಾ ಹ್ಯಾರಿಸ್ ಕೂಡ ಇದ್ದರು. ಆ ಬಾಗಿಲಿನಲ್ಲಿ ಒಬ್ಬರು ಅಡ್ಡ ನಿಂತರೂ ಸಾಕು. ರ್‍ಯಾಂಡ್ ಪಾಲ್ ನರ್ಸುಗಳಿಗೆ ಪಾಲು ಬೇಕೆಂದರು. ಡಿಕ್ ಡರ್ಬಿನ್ ಒಟ್ಟು ಸಂಖ್ಯೆಯೇ ಹೆಚ್ಚಲಿ ಎಂದರು. ರಿಕ್ ಸ್ಕಾಟ್ ಇನ್ನೊಂದು ತಕರಾರು ತಂದರು. ಒಬ್ಬೊಬ್ಬರನ್ನು ಒಲಿಸಲು ಒಂದೊಂದು ಕಲಮು ಸೇರಿತು: ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವರಿಗೆ ಹೋಗುವ ಕಾರ್ಡುಗಳಿಗೆ ಮಿತಿ, ಚೀನಾದ ಕಮ್ಯುನಿಸ್ಟ್ ಪಕ್ಷ ಅಥವಾ ಸೇನೆಯ ನಂಟಿದ್ದವರಿಗೆ ತಡೆ, ವರ್ಷಗಟ್ಟಲೆ ಎಳೆಯುವ ಹಂತಹಂತದ ಜಾರಿ. ಕೊನೆಗೆ ಎಲ್ಲರೂ ಸುಮ್ಮನಾದರು, ಮಸೂದೆ ಪಾಸಾಯಿತು. ಆದರೆ ಅಷ್ಟರಲ್ಲಿ ಅದು ಕೆಳಮನೆ ಗೆಲ್ಲಿಸಿದ ಮಸೂದೆಯಾಗಿ ಉಳಿದಿರಲಿಲ್ಲ. ಅಮೆರಿಕದಲ್ಲಿ ಎರಡೂ ಮನೆ ಅಕ್ಷರಕ್ಕೆ ಅಕ್ಷರ ಒಂದೇ ಪಠ್ಯವನ್ನು ಒಪ್ಪಬೇಕು. ಡಿಸೆಂಬರ್ 2ರಿಂದ ಆ ಕಾಂಗ್ರೆಸ್ಸಿನ ಆಯುಷ್ಯ ಮುಗಿಯುವ 2021ರ ಜನವರಿ 3ರವರೆಗೆ ಒಂದು ತಿಂಗಳು. ಕೆಳಮನೆ ಸೆನೆಟ್‌ನ ಪಠ್ಯವನ್ನು ಮತಕ್ಕೇ ತರಲಿಲ್ಲ. ಜನವರಿ 3ಕ್ಕೆ ಎರಡೂ ಸತ್ತವು.

ಅಂದರೆ ಇಲ್ಲಿ ರಾಜಿ ಆಗಲಿಲ್ಲ ಎಂದಲ್ಲ. ಸೆನೆಟ್‌ನ ಒಳಗೆ ರಾಜಿ ಮಾಡಿಕೊಂಡಷ್ಟೂ ಕೆಳಮನೆಯಿಂದ ದೂರವಾಯಿತು. ನಮ್ಮಲ್ಲಿ ಎರಡು ಸದನ ಒಪ್ಪದಿದ್ದರೆ 108ನೇ ವಿಧಿಯ ಜಂಟಿ ಅಧಿವೇಶನ ಇದೆ (ಬಳಸಿದ್ದು 1961, 1978, 2002, ಮೂರೇ ಸಲ). ಕರ್ನಾಟಕದ ವಿಧಾನ ಪರಿಷತ್ತು ಒಂದು ಮಸೂದೆಯನ್ನು ಮೊದಲು ಮೂರು ತಿಂಗಳು, ಎರಡನೇ ಸಲ ಬಂದಾಗ ಒಂದು ತಿಂಗಳು ಮಾತ್ರ ತಡೆಯಬಹುದು. ಆಮೇಲೆ ವಿಧಾನಸಭೆಯದೇ ಕೊನೆ ಮಾತು. ಅಮೆರಿಕದಲ್ಲಿ ಕೊನೆ ಮಾತು ಯಾರದೂ ಅಲ್ಲ.

2022ರ ಡಿಸೆಂಬರಿನಲ್ಲಿ ಇದೇ ಬಗೆಯ ಇನ್ನೊಂದು ಮಸೂದೆ (ಈಗಲ್ ಕಾಯ್ದೆ) ಕೆಳಮನೆಯ ಕಾರ್ಯಸೂಚಿಗೆ ಬಂದು, ಮತಕ್ಕೆ ಹಾಕದೆ ವಾಪಸು ಹೋಯಿತು.

ಉತ್ತರ 2 · ತುಂಗೆಯ ಕಲ್ಲು

ಮೇಲಿನದಕ್ಕೆ ಒಂದು ಸೇರಿಕೆ. 60 ಬೇಕಾದದ್ದು ಹಾಜರಿದ್ದವರ ಲೆಕ್ಕದಲ್ಲಿ ಅಲ್ಲ, ಪ್ರಮಾಣ ವಚನ ಪಡೆದ ಒಟ್ಟು ಸದಸ್ಯರ ಐದನೇ ಮೂರು ಪಾಲು. 59–0 ಆದರೂ ಸೋಲೇ. ವಿರೋಧಿಸುವವರು ಮನೆಯಲ್ಲಿ ಮಲಗಿರಬಹುದು, ಪರ ಇರುವ 60 ಮಂದಿ ಮಾತ್ರ ಸದನದಲ್ಲಿ ಇರಲೇಬೇಕು.

ಮೊದಲು ಹೀಗಿರಲಿಲ್ಲ. 1917ರಲ್ಲಿ ಕ್ಲೋಚರ್ ನಿಯಮ ಬಂದಾಗ ಮೂರನೇ ಎರಡು ಬೇಕಿತ್ತು. 1970ರ ದಶಕದ ಶುರುವಿನಲ್ಲಿ ಎರಡು ಹಳಿಯ ಪದ್ಧತಿ ಬಂತು: ತಡೆದ ಮಸೂದೆಯನ್ನು ಪಕ್ಕಕ್ಕಿಟ್ಟು ಬೇರೆ ಕೆಲಸ ನಡೆಸುವುದು. ಸದನದ ಕೆಲಸ ಸಾಗಲಿ ಎಂದು ಮಾಡಿದ್ದು ಅದು. ಆದದ್ದು ಏನೆಂದರೆ, ತಡೆಯುವವನು ಇನ್ನು ಗಂಟಲು ಹರಿದುಕೊಳ್ಳಬೇಕಾಗಿಲ್ಲ, ತಡೆಯುತ್ತೇನೆ ಎಂದು ನಾಯಕನಿಗೆ ತಿಳಿಸಿದರೆ ಸಾಕು. 1975ರಲ್ಲಿ ಮಿತಿ 60ಕ್ಕೆ ಇಳಿಯಿತು, ಆದರೆ ತಡೆಯುವ ಖರ್ಚು ಆಗಲೇ ಸೊನ್ನೆಗೆ ಇಳಿದಿತ್ತು.

ಟಿವಿಯಲ್ಲಿ ಕಾಣುವ ರಾತ್ರಿಯಿಡೀ ಭಾಷಣ ಬೇರೆ. 2025ರಲ್ಲಿ ಸೆನೆಟರ್ ಕೋರಿ ಬೂಕರ್ 25 ಗಂಟೆ ಮೀರಿ ಮಾತಾಡಿ 1957ರ ಸ್ಟ್ರಾಮ್ ಥರ್ಮಂಡ್ ದಾಖಲೆ ಮುರಿದರು. ಅದರಿಂದ ನಿಂತ ಮಸೂದೆ ಒಂದೂ ಇಲ್ಲ. ನಿಜವಾದ ತಡೆ ಕಣ್ಣಿಗೆ ಕಾಣುವುದಿಲ್ಲ.

ನೇಮಕಾತಿಗೆ ಈ 60 ಈಗ ಇಲ್ಲ. 2013ರ ನವೆಂಬರಿನಲ್ಲಿ ಆಗಿನ ಬಹುಮತದ ನಾಯಕ ಹ್ಯಾರಿ ರೀಡ್ (ಡೆಮಾಕ್ರಟ್) ಕೆಳ ನ್ಯಾಯಾಲಯ ಮತ್ತು ಆಡಳಿತದ ಹುದ್ದೆಗಳಿಗೆ, 2017ರ ಏಪ್ರಿಲಿನಲ್ಲಿ ಮಿಚ್ ಮೆಕಾನೆಲ್ (ರಿಪಬ್ಲಿಕನ್) ಸುಪ್ರೀಂ ಕೋರ್ಟಿಗೂ ಅದನ್ನು ಕಿತ್ತುಹಾಕಿದರು. ಕಾನೂನಿಗೆ ಉಳಿದಿದೆ, ನ್ಯಾಯಾಧೀಶರಿಗೆ ಇಲ್ಲ. ಹೊಸ ಕಾನೂನಿಗೆ ಬೆವರು ಸುರಿಸುವುದಕ್ಕಿಂತ ಹಳೆ ಕಾನೂನಿಗೆ ಅರ್ಥ ಹೇಳುವವರನ್ನು ಕೂರಿಸುವುದು ಸುಲಭ ಎಂದು ಎರಡೂ ಪಕ್ಷಕ್ಕೆ ಗೊತ್ತಾಗಿದೆ.

ಉತ್ತರ 3 · ಚಾವಡಿ

ನಿಮ್ಮ ವಿಪ್ ಪ್ರಶ್ನೆಗೆ. ಅಲ್ಲಿ ವಿಪ್‌ಗಿಂತ ದೊಡ್ಡ ಚಾಟಿ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ.

ನಮ್ಮಲ್ಲಿ ಬಿ ಫಾರಂ ಕೊಡುವುದು ಹೈಕಮಾಂಡ್. ಅಮೆರಿಕದಲ್ಲಿ ಅದನ್ನು ಕೊಡುವುದು ಪ್ರೈಮರಿಯಲ್ಲಿ ಮತ ಹಾಕಲು ಬರುವ ಕಟ್ಟಾ ಬೆಂಬಲಿಗರ ಸಣ್ಣ ಗುಂಪು. ಕೆಳಮನೆಯ 435 ಕ್ಷೇತ್ರಗಳಲ್ಲಿ ಹೆಚ್ಚಿನವು ಒಂದೇ ಪಕ್ಷದ ಭದ್ರಕೋಟೆ. 2024ರಲ್ಲಿ ಅಧ್ಯಕ್ಷರ ಮತ ಒಂದು ಪಕ್ಷಕ್ಕೆ, ಸದಸ್ಯನ ಮತ ಇನ್ನೊಂದು ಪಕ್ಷಕ್ಕೆ ಹೋದ ಕ್ಷೇತ್ರಗಳು 16 ಮಾತ್ರ. ಉಳಿದ ಹೆಚ್ಚಿನ ಕಡೆ ನವೆಂಬರಿನ ಚುನಾವಣೆ ಬರೀ ಶಾಸ್ತ್ರ. ಅಲ್ಲಿ ಸದಸ್ಯನಿಗೆ ಭಯ ಎದುರು ಪಕ್ಷದ್ದಲ್ಲ, "ನೀನು ಅವರ ಜೊತೆ ಕೈ ಕುಲುಕಿದೆ" ಎಂದು ತನ್ನದೇ ಪಕ್ಷದಿಂದ ಏಳುವವನದು.

ವಲಸೆ ವಿಷಯದಲ್ಲೇ ನೋಡಿ. 2013ರ ಜೂನ್ 27ರಂದು ಎರಡೂ ಪಕ್ಷದ ಎಂಟು ಸೆನೆಟರುಗಳು ಕಟ್ಟಿದ ದೊಡ್ಡ ಮಸೂದೆ ಸೆನೆಟ್‌ನಲ್ಲಿ 68–32ರಿಂದ ಗೆದ್ದಿತು. ಕೆಳಮನೆಯ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ. ಸ್ವಂತ ಪಕ್ಷದ ಹೆಚ್ಚಿನವರು ಒಪ್ಪದ್ದನ್ನು ಸದನಕ್ಕೆ ತರುವುದಿಲ್ಲ ಎಂಬ ಅಲಿಖಿತ ಪದ್ಧತಿ ಅದು. ಇಡೀ ಸದನದ ಬಹುಮತ ಅಲ್ಲಿ ಲೆಕ್ಕಕ್ಕಿಲ್ಲ. ಮರುವರ್ಷ ಜೂನಿನಲ್ಲಿ ರಿಪಬ್ಲಿಕನ್ನರ ಎರಡನೇ ದೊಡ್ಡ ನಾಯಕ ಎರಿಕ್ ಕ್ಯಾಂಟರ್, ವಲಸೆಯ ಬಗ್ಗೆ ಮೆತ್ತಗಿದ್ದಾರೆ ಎಂಬ ಪ್ರಚಾರದ ನಡುವೆ, ಅರ್ಥಶಾಸ್ತ್ರದ ಮೇಷ್ಟ್ರೊಬ್ಬರ ಎದುರು ಪ್ರೈಮರಿಯಲ್ಲೇ ಸೋತರು. ಆಮೇಲೆ ಆ ಮಸೂದೆಯ ಹೆಸರು ಎತ್ತಿದವರಿಲ್ಲ.

ಎದುರು ಪಕ್ಷದ ಮತ ಪಡೆದು ಕೆಲಸ ಮಾಡಿದವರ ಗತಿಗೆ ಕೆವಿನ್ ಮೆಕಾರ್ಥಿ ಸಾಕ್ಷಿ. 2023ರ ಜನವರಿಯಲ್ಲಿ 15ನೇ ಸುತ್ತಿನಲ್ಲಿ ಸ್ಪೀಕರ್ ಆದರು. ಆಗಲು ಕೊಟ್ಟ ಬೆಲೆ, ಒಬ್ಬನೇ ಸದಸ್ಯ ಪದಚ್ಯುತಿ ಸೂಚನೆ ತರಬಹುದು ಎಂಬ ನಿಯಮ. ಸೆಪ್ಟೆಂಬರ್ 30ರಂದು ಸರ್ಕಾರ ಬಾಗಿಲು ಮುಚ್ಚದಂತೆ ತಾತ್ಕಾಲಿಕ ಅನುದಾನವನ್ನು ಡೆಮಾಕ್ರಟರ ಮತ ಸೇರಿಸಿ 335–91ರಿಂದ ಪಾಸು ಮಾಡಿಸಿದರು. ಅಕ್ಟೋಬರ್ 3ರಂದು 216–210ರಿಂದ ಕುರ್ಚಿ ಹೋಯಿತು. ಸ್ವಪಕ್ಷದ ಎಂಟೇ ಮಂದಿ ಸಾಕಾಯಿತು, ಎದುರು ಪಕ್ಷದವರೂ ಅವರನ್ನು ಉಳಿಸಲಿಲ್ಲ.

ಇನ್ನೊಂದು ಕಾರಣದ ಮಾತು ಯಾರೂ ಅಷ್ಟಾಗಿ ಆಡುವುದಿಲ್ಲ. 1955ರಿಂದ 1995ರವರೆಗೆ ಕೆಳಮನೆ ಡೆಮಾಕ್ರಟರ ಕೈಯಲ್ಲೇ ಇತ್ತು. ಇನ್ನೂ ಹತ್ತು ವರ್ಷ ವಿರೋಧ ಪಕ್ಷದಲ್ಲೇ ಇರಬೇಕು ಎಂದು ಗೊತ್ತಿದ್ದ ರಿಪಬ್ಲಿಕನ್ನನಿಗೆ ಚೌಕಾಸಿ ಮಾಡಿ ಸಿಕ್ಕಷ್ಟು ಪಡೆಯುವುದೇ ಲಾಭ. ಈಗ ಬಹುಮತ ಒಂದು ಹಿಡಿ ಸೀಟಿನ ಮೇಲೆ ಆಚೀಚೆ ವಾಲುತ್ತದೆ. ಎರಡು ವರ್ಷ ಕಾದರೆ ನಾನೇ ಯಜಮಾನ ಅನ್ನುವಾಗ, ಎದುರಿನವರಿಗೆ ಗೆಲುವಿನ ಫೋಟೊ ಯಾಕೆ ಕೊಡಲಿ? 2024ರ ಗಡಿ ಮಸೂದೆ ಹೀಗೇ ಬಿತ್ತು. ಲ್ಯಾಂಕ್‌ಫರ್ಡ್, ಮರ್ಫಿ, ಕರ್ಸ್ಟನ್ ಸಿನೆಮಾ ಎಂಬ ಮೂವರು ಸೆನೆಟರುಗಳು ತಿಂಗಳುಗಟ್ಟಲೆ ಕೂತು ಕಟ್ಟಿದ ಪಠ್ಯ ಫೆಬ್ರವರಿ 4ರಂದು ಹೊರಬಿತ್ತು, ಟ್ರಂಪ್ ಬೇಡ ಎಂದರು, 7ರಂದು 49–50ಕ್ಕೆ ಸತ್ತಿತು. ರಿಪಬ್ಲಿಕನ್ನರೇ ಕೇಳಿದ್ದ ಬಿಗಿ ಅದರಲ್ಲಿತ್ತು. ಚುನಾವಣೆಯ ವರ್ಷದಲ್ಲಿ ಆ ಸಮಸ್ಯೆ ಬಗೆಹರಿಯುವುದು ಅವರಿಗೆ ಬೇಕಿರಲಿಲ್ಲ.

ಪ್ರೈಮರಿಯ ಆಕಾರ ಬದಲಾದರೆ ನಡತೆಯೂ ಬದಲಾಗುತ್ತದೆ. 2021ರಲ್ಲಿ ಟ್ರಂಪ್ ಮಹಾಭಿಯೋಗಕ್ಕೆ ಮತ ಹಾಕಿದ 10 ರಿಪಬ್ಲಿಕನ್ನರಲ್ಲಿ 2022ರಲ್ಲಿ ಗೆದ್ದು ಬಂದವರು ಇಬ್ಬರು, ನ್ಯೂಹೌಸ್ ಮತ್ತು ವಲಡೇವೊ. ಇಬ್ಬರದೂ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ನಿಂತು ಮೊದಲ ಇಬ್ಬರು ಮುಂದೆ ಹೋಗುವ ರಾಜ್ಯ: ವಾಷಿಂಗ್ಟನ್, ಕ್ಯಾಲಿಫೋರ್ನಿಯಾ.

ಪ್ರತಿಕ್ರಿಯೆ · ತುಂಗೆಯ ಕಲ್ಲು

ಅದೇ ವಾಷಿಂಗ್ಟನ್ ರಾಜ್ಯದಲ್ಲಿ, ಅದೇ ಪದ್ಧತಿಯಲ್ಲಿ, ಆ ಹತ್ತರಲ್ಲೇ ಒಬ್ಬರಾದ ಹೆರೆರಾ ಬ್ಯೂಟ್ಲರ್ ಮೂರನೆಯವರಾಗಿ ಸೋತರಲ್ಲ? ಔಷಧಿ ಕೆಲವರಿಗೆ ಹಿಡಿಯಿತು ಅನ್ನಿ. ಅಲಾಸ್ಕದ ರಿಪಬ್ಲಿಕನ್ ಸೆನೆಟರ್ ಮರ್ಕೌಸ್ಕಿ ಗೆದ್ದದ್ದು ಇದಕ್ಕಿಂತ ಗಟ್ಟಿ ಉದಾಹರಣೆ: ಮೊದಲ ನಾಲ್ವರು ಮುಂದೆ ಹೋಗಿ, ನವೆಂಬರಿನಲ್ಲಿ ಪ್ರಾಶಸ್ತ್ಯದ ಮತ. ನಮ್ಮ ವಿಧಾನ ಪರಿಷತ್ ಪದವೀಧರ ಕ್ಷೇತ್ರದಲ್ಲಿ 1, 2, 3 ಎಂದು ಬರೆಯುತ್ತೇವಲ್ಲ, ಹಾಗೆ. ಆದರೆ 2024ರಲ್ಲಿ ಕೊಲೊರಾಡೊ, ಐಡಹೊ, ನೆವಾಡ ಇಂಥ ಸುಧಾರಣೆಯನ್ನು ಜನಮತದಲ್ಲಿ ತಿರಸ್ಕರಿಸಿದವು.

ಉತ್ತರ 4 · ಬಯಲುಸೀಮೆ

ಮೇಲಿನ ಮೂವರನ್ನೂ ಓದಿದರೆ ಅಲ್ಲಿ ಏನೂ ನಡೆಯುವುದಿಲ್ಲ ಅನಿಸುತ್ತದೆ. ನಾನು ಒಪ್ಪುವುದಿಲ್ಲ. 2021ರ ಆಗಸ್ಟಿನಲ್ಲಿ ರಸ್ತೆ, ಸೇತುವೆ, ನೀರಿನ ಕೊಳವೆಯ ಕಾಯ್ದೆ 69–30ರಿಂದ ಸೆನೆಟ್ ದಾಟಿತು; ಹೊಸ ಖರ್ಚು ಸುಮಾರು 55,000 ಕೋಟಿ ಡಾಲರ್. 2022ರಲ್ಲಿ ಬಂದೂಕಿನ ಕಾಯ್ದೆ 65–33, ಚಿಪ್ಸ್ ಕಾಯ್ದೆ 64–33. ಸೆನೆಟ್ ಆಗ 50–50 ಇತ್ತು ಎಂಬುದು ನೆನಪಿರಲಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಸಮಾನವಾದ ಅಂಶ ಏನೆಂದು ನೋಡಿ. ದುಡ್ಡಿನದಾದರೆ ಎಲ್ಲ ಊರಿಗೂ ಹಂಚಬಹುದು, ಗೆದ್ದವರು ಸೋತವರು ಎಂದು ಎಣಿಸುವುದು ಕಷ್ಟ. ಹಂಚಲು ಬರುವುದನ್ನು ರಾಜಿ ಮಾಡಬಹುದು. ಗ್ರೀನ್ ಕಾರ್ಡಿನ ಒಟ್ಟು ಸಂಖ್ಯೆ ಬಿಗಿ ಮಾಡಿಟ್ಟು ಹಂಚಲು ಹೊರಟರೆ ರಾಜಿಗೆ ಸಾಮಾನೇ ಇಲ್ಲ. ಡರ್ಬಿನ್ ಹೇಳಿದ್ದೂ ಅದನ್ನೇ.

2011ರಲ್ಲಿ ಸದಸ್ಯರು ತಮ್ಮ ಕ್ಷೇತ್ರದ ಕಾಮಗಾರಿಯನ್ನು ಹೆಸರಿಸಿ ಬಜೆಟ್ಟಿಗೆ ಸೇರಿಸುವುದನ್ನು (ಇಯರ್‌ಮಾರ್ಕ್) ನಿಲ್ಲಿಸಿದರು. ಭ್ರಷ್ಟಾಚಾರದ ದೂರು ಸುಳ್ಳಾಗಿರಲಿಲ್ಲ. ಆದರೆ ಅದರ ಜೊತೆ ನಾಯಕರ ಕೈಯಲ್ಲಿದ್ದ ಚಿಲ್ಲರೆಯೂ ಖಾಲಿಯಾಯಿತು. ಒಲ್ಲದ ಮತವನ್ನು ಒಂದು ಸೇತುವೆಗೆ ಒಲಿಸುವುದು ಕೀಳು ವ್ಯಾಪಾರವೇ ಇರಬಹುದು, ವ್ಯಾಪಾರವಂತೂ ಹೌದು. 2021ರಲ್ಲಿ ಅದು ವಾಪಸು ಬಂತು: ಒಟ್ಟು ಐಚ್ಛಿಕ ಖರ್ಚಿನ ಶೇ. 1ರ ಮಿತಿ, ಲಾಭದ ಕಂಪನಿಗೆ ಇಲ್ಲ, ಕೇಳಿಕೆಯನ್ನು ಸದಸ್ಯ ತನ್ನ ಜಾಲತಾಣದಲ್ಲಿ ಹಾಕಬೇಕು.

ಕೆಳಮನೆಯ ಸ್ಪೀಕರ್ ಅಡ್ಡ ಕೂತರೂ ಕಿಟಕಿ ಒಂದಿದೆ. ಮಸೂದೆ ಸಮಿತಿಯಲ್ಲಿ 30 ಅಧಿವೇಶನ ದಿನ ಕೊಳೆತ ಮೇಲೆ 218 ಸಹಿಯ ಡಿಸ್ಚಾರ್ಜ್ ಅರ್ಜಿ ಹಾಕಿದರೆ ಸ್ಪೀಕರನ್ನು ದಾಟಿ ಸದನಕ್ಕೆ ಬರುತ್ತದೆ. 2025ರ ನವೆಂಬರ್ 12ರಂದು ಎಪ್‌ಸ್ಟೀನ್ ಕಡತಗಳ ಅರ್ಜಿಗೆ 218ನೇ ಸಹಿ ಬಿತ್ತು, 18ರಂದು 427–1. ಸಹಿ ಹಾಕಲು ಹಿಂಜರಿದವರೇ ಮತ ಹಾಕಲು ನಾ ಮುಂದು ತಾ ಮುಂದು ಎಂದರು!

ಪ್ರಶ್ನೆ ಕೇಳಿದವರು · ನೇತ್ರಾವತಿ ದಡ

ಧನ್ಯವಾದ, ಬಹಳ ಸ್ಪಷ್ಟವಾಯಿತು. 51 ಮತದ ದಾರಿ ಉಳಿಯಿತು. ಜೊತೆಗೆ, ಸರ್ಕಾರ ಬಾಗಿಲು ಮುಚ್ಚಿದಾಗ ಎಚ್-1ಬಿ ಕೆಲಸ ನಿಲ್ಲುತ್ತದೆ ಎಂದು ಕೆಲವರು, ಇಲ್ಲ ಎಂದು ಕೆಲವರು. ಯಾವುದು ಸರಿ?

ಉತ್ತರ 5 · ಹಳೇ ಕಡತ

51ರ ದಾರಿಯ ಹೆಸರು ರಿಕನ್ಸಿಲಿಯೇಷನ್, 1974ರ ಬಜೆಟ್ ಕಾಯ್ದೆಯ ಕೂಸು. ಸೆನೆಟ್‌ನಲ್ಲಿ 20 ಗಂಟೆ ಚರ್ಚೆ, ಆಮೇಲೆ ತಿದ್ದುಪಡಿಗಳ ಮೇಲೆ ರಾತ್ರಿಯಿಡೀ ಸಾಲು ಮತ, ಕೊನೆಗೆ ಸರಳ ಬಹುಮತ. ಫಿಲಿಬಸ್ಟರ್ (60 ಮತ ಬೀಳುವವರೆಗೆ ಮಸೂದೆಯನ್ನು ತಡೆದಿಡುವುದು) ಇಲ್ಲ. ಆದರೆ ಬರ್ಡ್ ನಿಯಮದ ಜರಡಿ ಇದೆ: ಕಲಮಿನ ಗುರಿ ಮುಖ್ಯವಾಗಿ ನೀತಿಯಾಗಿದ್ದು, ಹಣದ ಪರಿಣಾಮ ಅದರ ಜೊತೆ ಸುಮ್ಮನೆ ಬಂದದ್ದಾದರೆ ಉದುರುತ್ತದೆ. ಡೆಮಾಕ್ರಟರು 2021ರಲ್ಲಿ ವಲಸೆಯನ್ನು ಹೀಗೇ ತೂರಿಸಲು ಮೂರು ಬೇರೆ ಬೇರೆ ರೂಪದಲ್ಲಿ ನೋಡಿದರು. ನಿಯಮದ ಸಲಹೆಗಾರ್ತಿ ಎಲಿಜಬೆತ್ ಮ್ಯಾಕ್‌ಡೊನಾ ಮೂರನ್ನೂ ಆಗದು ಎಂದರು. ನಿಮ್ಮ ಅನುಮಾನಕ್ಕೆ ಉತ್ತರ ಅದೇ. ತೆರಿಗೆ, ಶುಲ್ಕ, ಖರ್ಚು ದಾಟುತ್ತದೆ. ಯಾರಿಗೆ ಗ್ರೀನ್ ಕಾರ್ಡು ಎಂಬುದು ದಾಟುವುದಿಲ್ಲ.

ಈ ದಾರಿಯಲ್ಲಿ ಹುಟ್ಟಿದ ಕಾನೂನಿಗೆ ಇನ್ನೊಂದು ಕಾಯಿಲೆ, ಅವಧಿ. ಬಜೆಟ್ ಅವಧಿಯ ಆಚೆ ಕೊರತೆ ಹೆಚ್ಚಿಸುವಂತಿಲ್ಲ, ಹತ್ತು ವರ್ಷದ ಖರ್ಚನ್ನೂ ಹಿಡಿತದಲ್ಲಿ ತೋರಿಸಬೇಕು, ಆದ್ದರಿಂದ ಕಲಮುಗಳಿಗೆ ಮುಕ್ತಾಯದ ದಿನ ಬರೆಯುತ್ತಾರೆ. ಆರೋಗ್ಯ ವಿಮೆಯ ಹೆಚ್ಚುವರಿ ಸಹಾಯಧನ 2021ರಲ್ಲಿ 50–49ರಿಂದ ಬಂತು, 2022ರಲ್ಲಿ 51–50ರಿಂದ ಮುಂದುವರಿಯಿತು, 2025ರ ಕೊನೆಗೆ ಮುಗಿಯಬೇಕಿತ್ತು. ಆ ಒಂದು ದಿನಾಂಕದ ಸುತ್ತ ಆದದ್ದೇ 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗಿನ 43 ದಿನದ ಸರ್ಕಾರದ ಬಂದ್ (ಶಟ್‌ಡೌನ್). 2018-19ರ 35 ದಿನದ ದಾಖಲೆ ಅಲ್ಲಿಗೆ ಮುರಿಯಿತು. ರಿಪಬ್ಲಿಕನ್ನರು 53 ಇದ್ದರೂ 60 ಬೇಕು. ಅನುದಾನದ ಮಸೂದೆ 14 ಸಲ ಬಿದ್ದು, ನವೆಂಬರ್ 9ರಂದು ಎದುರು ಕಡೆಯ ಎಂಟು ಮಂದಿ ದಾಟಿ ಬಂದಾಗ 60–40 ಆಯಿತು. ಸಹಾಯಧನದ ಮಸೂದೆಗೆ ಡಿಸೆಂಬರ್ 11ರಂದು ಮತ: 51–48. ಬಹುಮತ ಬಂತು, ಮಸೂದೆ ಬಿತ್ತು.

ಈಗ ಎಚ್-1ಬಿ. ಎರಡೂ ಕಡೆಯವರು ಅರ್ಧ ಸರಿ. ಅರ್ಜಿ ನೋಡುವ ವಲಸೆ ಇಲಾಖೆ (ಯುಎಸ್‌ಸಿಐಎಸ್) ಬಹುತೇಕ ಶುಲ್ಕದಿಂದ ನಡೆಯುತ್ತದೆ, ಹಾಗಾಗಿ ತೆರೆದೇ ಇರುತ್ತದೆ. ಆದರೆ ಅರ್ಜಿಯ ಜೊತೆ ಇಡಬೇಕಾದ, ಸಂಬಳ ಮತ್ತು ಕೆಲಸದ ಷರತ್ತಿನ ಬಗ್ಗೆ ಕಂಪನಿ ಕೊಡುವ ಘೋಷಣೆಯಾದ ಎಲ್‌ಸಿಎ, ಗ್ರೀನ್ ಕಾರ್ಡಿನ ಮೊದಲ ಹೆಜ್ಜೆ ಪರ್ಮ್, ಎರಡೂ ಕಾರ್ಮಿಕ ಇಲಾಖೆಯವು. ಅದಕ್ಕೆ ಅನುದಾನ ಇಲ್ಲದಿದ್ದರೆ ಎಲ್‌ಸಿಎ ಇಲ್ಲ. ಎಲ್‌ಸಿಎ ಇಲ್ಲದೆ ಕಂಪನಿ ಬದಲಿಸುವ ಅರ್ಜಿಯೂ ಇಲ್ಲ. ಆದ್ದರಿಂದ "ಬಂದ್ ಆಯಿತೇ" ಎಂದು ಕೇಳಬೇಡಿ, 12 ಅನುದಾನ ಮಸೂದೆಗಳಲ್ಲಿ ಕಾರ್ಮಿಕ ಇಲಾಖೆಯದು ಪಾಸಾಗಿದೆಯೇ ಎಂದು ನೋಡಿ. 2018-19ರಲ್ಲಿ ಆ ಮಸೂದೆ ಮೊದಲೇ ಪಾಸಾಗಿತ್ತು, 35 ದಿನವೂ ಎಲ್‌ಸಿಎ ನಡೆಯಿತು. 2013ರಲ್ಲೂ 2025ರಲ್ಲೂ ಆಗಿರಲಿಲ್ಲ, ನಿಂತಿತು. 2025ರಲ್ಲಿ ಅಕ್ಟೋಬರ್ ಕೊನೆಗೆ ಮತ್ತೆ ತೆರೆದರು. ಕೆಲಸ ಬದಲಿಸುವ ಯೋಚನೆ ಇದ್ದರೆ ಸೆಪ್ಟೆಂಬರ್ ಮಧ್ಯದೊಳಗೆ ಎಲ್‌ಸಿಎ ಹಾಕಿಸಿ. ಅದಕ್ಕೆ ಏಳು ಕೆಲಸದ ದಿನ ಹಿಡಿಯುತ್ತದೆ, ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು.

ಮುಂದೆ ಇಂಥ ಮಸೂದೆ ಬಂದಾಗ ವಾಟ್ಸಾಪ್ ಸುದ್ದಿಗೆ ಪಟಾಕಿ ಹೊಡೆಯುವ ಮೊದಲು ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಅದರ "ಆ್ಯಕ್ಷನ್ಸ್" ಪುಟ ತೆರೆಯಿರಿ. "ರೆಫರ್ಡ್ ಟು ಕಮಿಟಿ" ಅಂದರೆ ಇನ್ನೂ ಹುಟ್ಟಿದ ಕೂಸು, ಹೆಚ್ಚಿನವು ಅಲ್ಲೇ ಮುಗಿಯುತ್ತವೆ. ನೂರು ಸಹ ಪ್ರಾಯೋಜಕರು ಇದ್ದರೂ ಅಷ್ಟೇ. "ಕ್ಲೋಚರ್ ಮೋಷನ್ ಪ್ರೆಸೆಂಟೆಡ್" ಕಂಡರೆ ನಾಯಕ ಆ ವಾರವನ್ನು ಅದಕ್ಕೆ ಕೊಟ್ಟಿದ್ದಾನೆ ಎಂದರ್ಥ. ನೋಡಬೇಕಾದ ಸಾಲು ಅದು. ನಾಯಕನೇ ಕೊನೆ ಗಳಿಗೆಯಲ್ಲಿ "ಬೇಡ" ಎಂದು ಮತ ಬದಲಿಸಿದರೆ ಗಾಬರಿ ಬೇಡ: ಸೋತ ಮತವನ್ನು ಮತ್ತೆ ಎತ್ತುವ ಹಕ್ಕು ಗೆದ್ದ ಕಡೆಯವರಿಗೆ ಅಥವಾ ಮತ ಹಾಕದವರಿಗೆ ಮಾತ್ರ, ಅದಕ್ಕೇ ಆ ಕಡೆ ಹಾರುತ್ತಾರೆ. ಕೊನೆಯದಾಗಿ, ಎರಡು ಮನೆಯ ಪಠ್ಯವನ್ನು "ಟೆಕ್ಸ್ಟ್" ಪುಟದಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಒಂದು ಕಲಮು ಬೇರೆಯಿದ್ದು, ವರ್ಷ ಸಮಸಂಖ್ಯೆಯದಾಗಿದ್ದು, ತಿಂಗಳು ಡಿಸೆಂಬರ್ ಆಗಿದ್ದರೆ ಪಟಾಕಿ ಮುಂದಿನ ದೀಪಾವಳಿಗೆ ಇಟ್ಟುಕೊಳ್ಳಿ.